ಇಂಗ್ಲಿಷ್ ನೋಟಿನ ಮೂಲಪತ್ರ

ಕತಾರಿನ ಫುಟ್‌ಬಾಲ್ ವಿಶ್ವಕಪ್ಪಿಗೆ ಮುಂಚಿನ ವರ್ಷಗಳಲ್ಲಿ ನಾನು ಅಲ್ಲಿನ ಲುಸೈಲ್‌ನಲ್ಲಿ ಒಂದು ಕಟ್ಟಡದ ಸೈಟ್ ಆಫೀಸಿನಲ್ಲಿ ಸಾಮಗ್ರಿಗಳ ಮೂಲಪತ್ರ ನೋಡುತ್ತಿದ್ದೆ. ಕಲ್ಲು, ಕೇಬಲ್, ಬಾಗಿಲ ಹಿಡಿ, ಯಾವುದೇ ಆಗಲಿ, ಎಲ್ಲಿ ಹುಟ್ಟಿದ್ದೆಂಬ ಕಾಗದವಿಲ್ಲದೆ ಒಳಗೆ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಮೈಸೂರಿನಲ್ಲಿ ಪಿಟೀಲು ಕಲಿಯುವ ಮಕ್ಕಳಿಗೆ ಹೇಳಿಕೊಡುತ್ತಿದ್ದ ಒಂದು ‘ಇಂಗ್ಲಿಷ್ ನೋಟು’, ಅಂದರೆ ಬ್ರಿಟಿಷರ ಬ್ಯಾಂಡಿನಿಂದ ಬಂದ ಮಟ್ಟು, ಗುನುಗುತ್ತಿದ್ದೆ. ಎದುರಿನ ಐರಿಷ್ ಎಂಜಿನಿಯರ್ ಪೆನ್ನು ಕೆಳಗಿಟ್ಟ. ಅದು ತನ್ನ ಅಜ್ಜ ಮದುವೆಗಳಲ್ಲಿ ಪಿಟೀಲಿನಲ್ಲಿ ನುಡಿಸುತ್ತಿದ್ದ ಮಟ್ಟು ಎಂದ. ಪಕ್ಕದ ಸ್ಕಾಟ್ಲೆಂಡಿನವನು, ಅದು ಐರಿಷರು ನಮ್ಮಿಂದ ಕದ್ದದ್ದು ಎಂದ. ಮಧ್ಯಾಹ್ನದ ಹೊತ್ತಿಗೆ ಒಂದು ಒಪ್ಪಂದವಾಯಿತು: ಬ್ರಿಟಿಷ್ ಬ್ಯಾಂಡಿನ ಯಾವ ಸಿಪಾಯಿ ಅದನ್ನು ನಮ್ಮೂರಿಗೆ ತಂದನೋ, ಅವನ ದೇಶದ್ದೇ ಮಟ್ಟು. ಪತ್ತೆ ಹಚ್ಚಬೇಕಾದವನು ನಾನು. ನನ್ನದೇ ಫಾರಂ ತುಂಬಿ ತಂದರು. ವಸ್ತು: ಮಟ್ಟು, ಒಂದು.

ಕಡತ ನೋಡಿಕೊಳ್ಳುತ್ತಿದ್ದ ಉಡುಪಿಯವರು ಅದನ್ನು ತಿರುಗಿಸಿ ನೋಡಿದರು. “ಎಂತ ಮಾರಾಯ್ರೆ, ಇದಕ್ಕೂ ರಿವಿಷನ್ ನಂಬರ್ ಹಾಕ್ಬೇಕಾ? ಸ್ಯಾಂಪಲ್ ಎಲ್ಲುಂಟು?”

“ನಾನೇ.”

“ಹಾಗಾದ್ರೆ ಸ್ಟಿಕ್ಕರ್ ನಿಮ್ಗೇ ಅಂಟಿಸ್ಬೇಕು.”

ನನಗೆ ಇದು ಬರಿಯ ಆಟವಾಗಿರಲಿಲ್ಲ. ಅಪ್ಪನ ಬಗ್ಗೆ ನಾನು ಅನುಮಾನಿಸದೆ ಇಟ್ಟುಕೊಂಡಿದ್ದ ನೆನಪು ಒಂದೇ: ಯಾರನ್ನೂ ಹೊಗಳದ ಅವರು, ನಾನು ಆ ನೋಟು ನುಡಿಸಿ ಮುಗಿಸಿದಾಗ ಪೇಪರ್ ಮಡಿಸಿ, “ಇನ್ನೊಂದ್ಸಲ” ಎಂದದ್ದು.

ಮರುದಿನ ಊಟದ ಬಿಡುವಿನಲ್ಲಿ ಎಲ್ಲರ ಎದುರಿಗೆ ಮೈಸೂರಿನ ಅಕ್ಕನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ, ನಾನು ಪಿಟೀಲಿನಲ್ಲಿ ಕಲಿತ ಆ ನೋಟನ್ನು ಊರಿಗೆ ತಂದ ಸಿಪಾಯಿ ಯಾರೆಂದು ಕೇಳಿದೆ.

“ನೀನೆಲ್ಲೋ ಪಿಟೀಲು ಕಲಿತೆ?” ಎಂದಳು. “ಕಲೀತಿದ್ದವಳು ನಾನು. ನೀನು ಮೇಷ್ಟ್ರ ಮನೆ ಜಗಲಿ ಮೇಲೆ ನನ್ನ ಚಪ್ಪಲಿ ಕಾಯ್ತಾ ಕೂತಿರ್ತಿದ್ದೆ.”

“ಅಪ್ಪ ಇನ್ನೊಂದ್ಸಲ ಅಂದದ್ದು?”

“ನಂಗೆ ಕಣೋ.”

ಸಿಪಾಯಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ನೋಟನ್ನು ಪೂರ್ತಿ ಗುನುಗಿ ತೋರಿಸಿದಳು. ಇದೇ ನಮ್ಮದು ಎಂದು ಐರ್ಲೆಂಡಿನವನು ಮೇಜು ತಟ್ಟಿದ. ಸ್ಕಾಟ್ಲೆಂಡಿನವನೂ ತಟ್ಟಿದ. ಅವಳದಕ್ಕೆ ಹೋಲಿಸಿ, ನಾನು ಗುನುಗುವುದರ ಎರಡನೆಯ ಅರ್ಧ ಮಾತ್ರ ತಮ್ಮಿಬ್ಬರದೂ ಅಲ್ಲವೆಂದು ಅವರು ಮೊದಲ ಬಾರಿಗೆ ಒಮ್ಮತಕ್ಕೆ ಬಂದರು.

ಅದನ್ನು ಹೇಳಿದ್ದಕ್ಕೆ ಅಕ್ಕ ನಕ್ಕಳು. “ಮೇಷ್ಟ್ರು ಮಧ್ಯದಲ್ಲಿ ಬಾಗಿಲು ಹಾಕ್ಬಿಡೋರು, ನಿಂಗೆ ಅರ್ಧವೇ ಕೇಳ್ತಿತ್ತು. ಮಿಕ್ಕಿದ್ದು ನೀನೇ ಏನೋ ಸೇರಿಸ್ಕೊಂಡಿದೀಯ.”

ಅವಳ ಮಾತಿಗೂ ಪುರಾವೆಯಿಲ್ಲವೆಂದು ವಾದಿಸಿ ನೋಡಿದೆ. ಆದರೆ ಕಮಾನು ಹಿಡಿದ ನನ್ನ ಕೈಯನ್ನು ಎಷ್ಟು ನೆನೆದರೂ ಕಾಣಿಸಲಿಲ್ಲ. ಚಪ್ಪಲಿಯ ಕೆಂಪು ಪಟ್ಟಿ ಮಾತ್ರ ಚೆನ್ನಾಗಿ ಕಂಡಿತು.

ಮೊದಲ ಅರ್ಧವನ್ನು ದಾಖಲೆ ಸಾಲದೆಂದು ಹಿಂದಿರುಗಿಸಿದೆ. ಎರಡನೆಯದಕ್ಕೆ, ಮೂಲ: ಮೈಸೂರು, ಮೇಷ್ಟ್ರ ಮನೆಯ ಜಗಲಿ ಎಂದು ಬರೆದು ಸಹಿ ಹಾಕಿದೆ.

“ಸಾಕ್ಷಿ ಕಾಲಂ ಖಾಲಿ ಉಂಟಲ್ಲ?” ಎಂದರು ಉಡುಪಿಯವರು.

“ಅಕ್ಕನ ಚಪ್ಪಲಿ ಅಂತ ಬರೀರಿ.”

ಅವರು ಬರೆದು, ಸೀಲು ಒತ್ತಿ, “ಖಲಾಸ್” ಎಂದರು.