ಜಗಲಿಯ ಮೇಲಿಟ್ಟ ಚೂರಿ

ನಮ್ಮ ಮನೆಯಲ್ಲಿ ಚೂರಿಯನ್ನು ಯಾರೂ ಯಾರ ಕೈಗೂ ಕೊಡುತ್ತಿರಲಿಲ್ಲ. ಕೇಳಿದವರ ಎದುರಿಗೆ ಕೆಳಗಿಡಬೇಕು, ಅವರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಇರುವ ಸಂಬಂಧ ಕಡಿದುಹೋಗುತ್ತದೆ ಎಂದು ಅಪ್ಪ ನಂಬಿದ್ದ. ಬಾಬುರಾಯನಕೊಪ್ಪಲಿನ ಎಲ್ಲ ಮನೆಗಳಲ್ಲೂ ಈ ಪದ್ಧತಿ ಇತ್ತು. ಅವಸರದಲ್ಲಿ ಮಾತ್ರ ಎಲ್ಲರೂ ಮರೆಯುತ್ತಿದ್ದರು. ಅಪ್ಪ ಯಾವ ಅವಸರದಲ್ಲೂ ಮರೆತವನಲ್ಲ.

ನಾನು ಹುಡುಗಿಯಾಗಿದ್ದಾಗ ಕೊಟ್ಟಿಗೆಯಲ್ಲಿ ಒಂದು ಕರು ಗೂಟಕ್ಕೆ ಸುತ್ತು ಹಾಕಿಕೊಂಡು, ಕೊರಳಿನ ಹಗ್ಗ ಬಿಗಿದು ಕಣ್ಣು ಮೇಲೆ ಮಾಡಿತ್ತು. ಅಪ್ಪ ಸ್ನಾನಕ್ಕೆ ಹೊರಟವನು ಬರೀ ಟವೆಲಿನಲ್ಲಿ ಓಡಿಹೋಗಿ ಅದರ ತಲೆಯನ್ನು ಎತ್ತಿ ಹಿಡಿದುಕೊಂಡ. ಚೂರಿ ಒಳಗೆ ಚಡ್ಡಿಯ ಜೇಬಿನಲ್ಲಿತ್ತು. ತಮ್ಮ ಅದನ್ನು ಹುಡುಕಿ ತಂದು ಅಪ್ಪನ ಕೈಗೆ ಚಾಚಿದ.

"ಕೆಳಕ್ ಮಡುಗ್ಲಾ," ಎಂದ ಅಪ್ಪ.

"ಕರ ಸಾಯ್ತಾ ಅದೆ ಕಣಪ್ಪೋ!"

"ಮಡುಗ್ಲಾ ಅಂದ್ರೆ!"

ತಮ್ಮ ಅಳುತ್ತಾ ಸಗಣಿಯ ಮೇಲೇ ಇಟ್ಟ. ಅಪ್ಪ ಎತ್ತಿಕೊಂಡು ಹಗ್ಗ ಕುಯ್ದ. ಕರು ಬದುಕಿತು. ಸತ್ತಿದ್ದರೂ ಅಪ್ಪ ತಾನು ಮಾಡಿದ್ದೇ ಸರಿ ಅನ್ನುತ್ತಿದ್ದ, ಅದರಲ್ಲಿ ನನಗೆ ಅನುಮಾನವಿಲ್ಲ.

ಅವನ ಚೂರಿ ಮಡಿಸುವಂಥದ್ದು. ಮರದ ಹಿಡಿ ಕೈಬೆವರು ಕುಡಿದು ಕುಡಿದು ಕಪ್ಪಾಗಿತ್ತು. ಪಟಾಪಟಿ ಚಡ್ಡಿಯ ಬಲಗಡೆ ಜೇಬು ಅದರ ಜಾಗ. ಜೇಬಿನ ಆಳ ಒಂದಿಷ್ಟು ಕಮ್ಮಿಯಾಗಿದ್ದರೂ ಚಡ್ಡಿಯನ್ನು ದರ್ಜಿಯ ಮುಖಕ್ಕೆ ಎಸೆದು ಬರುತ್ತಿದ್ದ. ಅಡಕೆ ಹೋಳು ಮಾಡುವುದಕ್ಕೆ, ಕಬ್ಬಿನ ಜಲ್ಲೆ ಸಿಗಿಯುವುದಕ್ಕೆ, ಪೈರಿನ ಕಟ್ಟು ಬಿಚ್ಚುವುದಕ್ಕೆ, ಕಾಲಿನ ಮುಳ್ಳು ತೆಗೆಯುವುದಕ್ಕೆ, ಎಲ್ಲಕ್ಕೂ ಅದೇ. ಊಟಕ್ಕೆ ಕೂತಾಗಲೂ ಒಂದು ಸಲ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ.

ತೊಂಬತ್ತರ ದಶಕದ ಮೊದಲಲ್ಲಿ ನನಗೆ ಶಾಲೆಯಲ್ಲಿ ಮೇಡಂ ಕೆಲಸ ಸಿಕ್ಕಿ ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆಗೆ ಹೊರಟಾಗ, ಬೇರೆ ಅಪ್ಪಂದಿರಾಗಿದ್ದರೆ ವಾಚು ಕೊಡಿಸುತ್ತಿದ್ದರೋ ಏನೋ. ನಮ್ಮಪ್ಪ ಸಂತೆಯಿಂದ ತಂದ ಹೊಸ ಚೂರಿಯೊಂದನ್ನು ಜಗಲಿಯ ಮೇಲಿಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು, ಬೀದಿಯ ಕಡೆ ನೋಡುತ್ತಾ, "ಎತ್ಕೊ ಕಣವ್ವ. ಊರು ಒಸ್ದು," ಎಂದ. ಅದಕ್ಕಿಂತ ಹೆಚ್ಚು ಪ್ರೀತಿಯ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದಿಲ್ಲ.

ನನ್ನ ಹುಚ್ಚು ಶುರುವಾದದ್ದು ಅಲ್ಲಿಂದ. ಕೆ.ಆರ್. ಪೇಟೆಯ ಸಂತೆಯಲ್ಲಿ ಮೀನಿನ ಆಕಾರದ ಹಿತ್ತಾಳೆ ಚೂರಿ ಸಿಕ್ಕಿತು. ನಾಗಮಂಗಲದ ದೇವಲಾಪುರಕ್ಕೆ ವರ್ಗವಾದ ಮೇಲೆ ಅಲ್ಲಿನ ಮುದುಕರೊಬ್ಬರಿಂದ ಕೊಂಬಿನ ಹಿಡಿಯ ಹಳೇ ಚೂರಿ, ನಾಗಮಂಗಲದ ಪೇಟೆಯಿಂದ ಬೆನ್ನಿಗೆ ತಗಡು ಕೂರಿಸಿದ ಇನ್ನೊಂದು. ಪಾಂಡವಪುರದ ಫ್ಯಾನ್ಸಿ ಅಂಗಡಿಯಲ್ಲಿ ಕೊಂಡದ್ದಕ್ಕೆ ಉಗುರು ಕತ್ತರಿಯೂ ಅಂಟಿಕೊಂಡಿತ್ತು, ಅದನ್ನು ಚೂರಿ ಎನ್ನಲು ಈಗಲೂ ನಾಚಿಕೆ. ಬಿಸ್ಕತ್ತಿನ ತಗಡಿನ ಡಬ್ಬಿ ತುಂಬುತ್ತಾ ಬಂತು. ದಿನಕ್ಕೊಂದನ್ನು ಆರಿಸಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಹೊರಡುತ್ತಿದ್ದೆ.

"ಮೇಡಂ, ಇವತ್ತು ಯಾರ ಕಥೆ ಮುಗಿಸ್ತೀರಾ?" ಎಂದು ಶಾಲೆಯ ಮೇಷ್ಟ್ರುಗಳು ನಗುತ್ತಿದ್ದರು. ಮಾವಿನಕಾಯಿ ಹೆಚ್ಚುವಾಗ, ಮಕ್ಕಳ ಪೆನ್ಸಿಲ್ ಚೂಪು ಮಾಡುವಾಗ ಮಾತ್ರ ಅದೇ ಮೇಷ್ಟ್ರುಗಳಿಗೆ ನನ್ನ ಚೂರಿ ಬೇಕಾಗುತ್ತಿತ್ತು. ನಾನೂ ಮೇಜಿನ ಮೇಲಿಡುತ್ತಿದ್ದೆ, ಕೈಗೆ ಕೊಡುತ್ತಿರಲಿಲ್ಲ. ಬಸ್ಸಿಳಿದು ಆಳಿಲ್ಲದ ರಸ್ತೆಯಲ್ಲಿ ನಡೆಯುವಾಗ ಅದು ನನ್ನ ಮುಷ್ಟಿಯಲ್ಲಿರುತ್ತಿತ್ತು. ಯಾರಿಗೂ ಚುಚ್ಚಿಲ್ಲ. ಚುಚ್ಚಬೇಕು ಅನ್ನಿಸಿದವರು ಇಬ್ಬರು ಮೂವರು ಇದ್ದರು, ಅವರ ಪುಣ್ಯ.

ನನ್ನನ್ನು ಬಾಬುರಾಯನಕೊಪ್ಪಲಿನಲ್ಲೇ, ತವರಿನಿಂದ ಎರಡು ಬೀದಿಯಾಚೆಗೆ ಮದುವೆ ಮಾಡಿ ಕೊಟ್ಟಿದ್ದರು. ಪಾಂಡವಪುರದ ಕಡೆಗೆ ವರ್ಗ ಮಾಡಿಸಿಕೊಂಡು ದಿನವೂ ಮನೆಯಿಂದಲೇ ಓಡಾಡತೊಡಗಿದ ಮೇಲೆ ಅಪ್ಪನ ಬದಲಾವಣೆ ಕಣ್ಣಿಗೆ ಬಿತ್ತು. ಅಮ್ಮ ಆಗಲೇ ತೀರಿಕೊಂಡಿದ್ದಳು. ಅಪ್ಪ ನನ್ನ ತಮ್ಮ, ತಮ್ಮನ ಹೆಂಡತಿ, ಅವರ ಇಬ್ಬರು ಮಕ್ಕಳ ಜೊತೆ ಇದ್ದ. ಮೊದಲು ಗದ್ದೆಗೆ ಹೋದವನು ದಾರಿ ತಪ್ಪಿ ಮೈಸೂರು ರಸ್ತೆಯಲ್ಲಿ ನಿಂತಿದ್ದ. ಆಮೇಲೆ ಊಟ ಮಾಡಿದ ಕೈ ತೊಳೆಯುವ ಮೊದಲೇ ಊಟ ಕೇಳತೊಡಗಿದ. ಅಮ್ಮ ಸತ್ತದ್ದನ್ನು ಮರೆತು ಅವಳೆಲ್ಲಿ ಎಂದು ಕೇಳುತ್ತಿದ್ದ. ನಾವು ಹೇಳಿದಾಗಲೆಲ್ಲ ಆ ಸಾವು ಅವನಿಗೆ ಹೊಸದಾಗಿ ಬರುತ್ತಿತ್ತು, ಹೊಸದಾಗಿ ಅಳುತ್ತಿದ್ದ. ಕೊನೆಗೆ, ಗದ್ದೆ ತಾವ ಹೋಗವ್ಳೆ ಎಂದು ಸುಳ್ಳು ಹೇಳುವುದನ್ನು ಕಲಿತೆವು. ಡಾಕ್ಟರು ವಯಸ್ಸಿನ ಕಾಯಿಲೆ ಎಂದು ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಅವನಿಗೆ ನಿದ್ದೆ ಬರುತ್ತಿತ್ತು, ನೆನಪು ಬರಲಿಲ್ಲ.

ಜೇಬಿನಲ್ಲಿ ಚೂರಿ ಮಾತ್ರ ಇದ್ದೇ ಇತ್ತು. ಅದರ ಬಗ್ಗೆ ನಮಗೆ ಯಾರಿಗೂ ಯೋಚನೆಯೇ ಬರಲಿಲ್ಲ. ಅಪ್ಪನ ಕಿವಿಯನ್ನೋ ಮೂಗನ್ನೋ ತೆಗೆದಿಡಬೇಕೆಂದು ಯಾರಿಗಾದರೂ ಹೊಳೆಯುತ್ತದೆಯೇ?

ಒಂದು ಮಧ್ಯಾಹ್ನ ತಮ್ಮನ ಹೆಂಡತಿ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಾಗ ನಡುಮನೆಯಲ್ಲಿ ಕೂಸು ಅಳತೊಡಗಿತು. ತೊಲೆಗೆ ಹಗ್ಗ ಕಟ್ಟಿ ಸೀರೆಯ ತೊಟ್ಟಿಲು ಹಾಕಿದ್ದರು. ಅಪ್ಪ ಎದ್ದುಹೋಗಿ ಚೂರಿ ಬಿಡಿಸಿ ತೊಟ್ಟಿಲಿನ ಹಗ್ಗ ಕುಯ್ದ. ಕೂಸು ನೆಲಕ್ಕೆ ಬಿತ್ತು. ಅವಳು ಓಡಿ ಬಂದಾಗ ಅಪ್ಪ ಬಿಚ್ಚಿದ ಚೂರಿಯನ್ನು ಹಿಡಿದು ಕೂಸಿನ ಬೆನ್ನು ಸವರುತ್ತಾ ಕೂತಿದ್ದನಂತೆ.

"ಕರ ಉಸ್ರು ಕಟ್ಕಂಡಿತ್ತು ಕಣವ್ವ. ಕುಯ್ದಾಕ್ದೆ," ಎಂದನಂತೆ.

ಕೂಸಿಗೆ ಹಣೆ ಊದಿಕೊಂಡದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಆಸ್ಪತ್ರೆಯಿಂದ ಬಂದ ಮೇಲೂ ತಮ್ಮನ ಹೆಂಡತಿ ಕೂಸನ್ನು ಕೆಳಗಿಳಿಸಲಿಲ್ಲ. ತಮ್ಮ ನನ್ನನ್ನು ಜಗಲಿಗೆ ಕರೆದು, "ಇವತ್ತು ಅಗ್ಗ ಕುಯ್ದ. ನಾಳೆ ಏನೋ ಯಾರ್ಗೊತ್ತು. ಈ ಮನೇಲಿ ಚೂರಿ ಬ್ಯಾಡ ಕಣಕ್ಕ," ಎಂದ. ಅಪ್ಪ ಮಲಗಿದ್ದಾಗ ಜೇಬಿನಿಂದ ತೆಗೆದಿದ್ದ. ಅಂಥಾ ಹೊತ್ತಿನಲ್ಲೂ ಅದನ್ನು ನನ್ನ ಕೈಗೆ ಕೊಡದೆ ಜಗಲಿಯ ಮೇಲೇ ಇಟ್ಟ. ನಾನು ಎತ್ತಿಕೊಂಡು ಮನೆಗೆ ತಂದೆ.

ಮಾರನೆಯ ದಿನದಿಂದ ಅಪ್ಪ ಹುಡುಕತೊಡಗಿದ. ಜೇಬನ್ನು ಒಳಗು ಹೊರಗು ಮಾಡಿ ನೋಡುವುದು, ಹುಲ್ಲಿನ ಮೆದೆ ಕೆದಕುವುದು, ಸೌದೆ ಎತ್ತಿ ಎತ್ತಿ ಹಾಕುವುದು. ಹೆಂಡತಿ ಎಲ್ಲಿ ಎಂಬುದನ್ನು ಕೇಳುವುದು ಬಿಟ್ಟ, ಚೂರಿ ಎಲ್ಲಿ ಎಂದು ಕೇಳಿದ. "ನನ್ ಚೂರಿ ಯಾವನ್ಲಾ ಎತ್ಕಂಡೋದೋನು?" ಎಂದು ಬೀದಿಯಲ್ಲಿ ನಿಂತು ಕೂಗುತ್ತಿದ್ದ. ತಟ್ಟೆಯನ್ನು ತಳ್ಳುತ್ತಿದ್ದ. ಕೆನ್ನೆ ಒಳಕ್ಕೆ ಹೋದವು. ಬೀದಿಯ ಪಡ್ಡೆ ಹುಡುಗನೊಬ್ಬ ಅವನ ಹಿಂದೆ ನಿಂತು ತನ್ನ ಜೇಬನ್ನು ಹಾಗೇ ಎಳೆದೆಳೆದು ಅಣಕಿಸುತ್ತಿದ್ದುದನ್ನು ನೋಡಿ ಕಪಾಳಕ್ಕೆ ಬಾರಿಸಿದೆ. ಅವನ ತಾಯಿ ಜಗಳಕ್ಕೆ ಬಂದಳು, ಅವಳನ್ನೂ ಬಿಡಲಿಲ್ಲ.

ಹೀಗೇ ಬಿಟ್ಟರೆ ಹುಡುಕುತ್ತಲೇ ಸಾಯುತ್ತಾನೆ ಅನ್ನಿಸಿ, ಚೂರಿಯನ್ನು ಪಾಂಡವಪುರಕ್ಕೆ ತೆಗೆದುಕೊಂಡು ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ಲಿಗೆ ಕಲ್ಲಿನ ಚಕ್ರ ಕಟ್ಟಿಕೊಂಡು ಸಾಣೆ ಹಿಡಿಯುವ ಸಾಬರೊಬ್ಬರಿದ್ದರು. ನನ್ನ ಡಬ್ಬಿಯ ಚೂರಿಗಳೆಲ್ಲ ಅವರಿಗೆ ಪರಿಚಯ.

"ಇದ್ರ ಬಾಯಿ ತೆಗೆದುಬಿಡಿ," ಎಂದೆ.

"ಬಾಯಿ ಇಡೋದಾ ಮೇಡಂ?"

"ಇಡೋದಲ್ಲ. ಏನನ್ನೂ ಕುಯ್ಯಬಾರದು, ಹಾಗೆ ಮಾಡಿ."

ಅವರು ಬೆರಳಿನಿಂದ ಅಂಚು ಸವರಿ ನೋಡಿದರು. "ಅರೆ, ಎಂಥಾ ಉಕ್ಕು! ಯಾಕೆ ಮೇಡಂ?"

"ನಮ್ಮಪ್ಪಂದು. ಈಗ ಅವರಿಗೆ ಬುದ್ಧಿ ಸ್ಥಿಮಿತ ಇಲ್ಲ."

ಅವರು ಚಕ್ರ ತಿರುಗಿಸಿದರು. ಕಿಡಿ ಹಾರಿಸುತ್ತಾ ಅಂಚನ್ನು ಚಪ್ಪಟೆ ಮಾಡಿದರು, ಮೊನೆಯನ್ನು ದುಂಡಗೆ ಮಾಡಿದರು. ನಾನು ಆ ಕಡೆ ನೋಡಲಾರದೆ ಬಸ್ಸುಗಳ ಬೋರ್ಡು ಓದುತ್ತಾ ನಿಂತೆ. ಮುಗಿದ ಮೇಲೆ ತಮ್ಮದೇ ಮುಂಗೈಯ ಮೇಲೆ ಜೋರಾಗಿ ಎಳೆದು ತೋರಿಸಿದರು, ಬರೀ ಬಿಳೀ ಗೀರು ಬಿತ್ತು.

ತಮ್ಮನ ಹೆಂಡತಿಯನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಚೂರಿಯನ್ನು ತನ್ನ ಕೈಯ ಮೇಲೂ ಎಳೆದು ನೋಡಿದಳು, ಆದರೂ ರಾತ್ರಿ ಹೊತ್ತು ಮನೆಯಲ್ಲಿರುವುದು ಬೇಡ ಎಂದಳು. ಹಾಗಾಗಿ ನಾನು ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಕೊಟ್ಟು, ಸಂಜೆ ಬಂದಾಗ ವಾಪಸ್ಸು ತೆಗೆದುಕೊಳ್ಳುವುದು ಎಂದಾಯಿತು.

ಮೊದಲನೆಯ ದಿನ ಚೂರಿಯನ್ನು ಅಪ್ಪನ ಪಕ್ಕದಲ್ಲಿ ಜಗಲಿಯ ಮೇಲಿಟ್ಟೆ. ಅಪ್ಪ ನೋಡಿದ, ಬಾಚಿಕೊಳ್ಳಲಿಲ್ಲ. ನಾನು ಕೈ ಹಿಂದಕ್ಕೆ ತೆಗೆದುಕೊಳ್ಳುವವರೆಗೂ ಕಾದು ಎತ್ತಿಕೊಂಡ. ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿ ಜೇಬಿಗಿಟ್ಟ. ಅವತ್ತು ಎರಡು ಮುದ್ದೆ ಉಂಡನಂತೆ. ಸಂಜೆ ನಾನು, "ಅಪ್ಪ, ಚೂರಿ," ಎಂದಾಗ ಜೇಬಿನಿಂದ ತೆಗೆದು, ಜಗಲಿಯ ಮೇಲಿಟ್ಟು, ಬೀದಿಯ ಕಡೆ ನೋಡಿದ. ಶೀಳನೆರೆಗೆ ಹೊರಟ ದಿನ ಹೇಗೆ ನೋಡಿದ್ದನೋ ಹಾಗೇ. ನನಗೆ ಅಳು ತಡೆಯಲಾಗಲಿಲ್ಲ.

ಆದರೆ ಬಾಯಿ ಹೋದ ಚೂರಿಯಿಂದ ಅಪ್ಪ ಅಡಕೆ ಹೋಳು ಮಾಡಲು ಹೋಗುತ್ತಿದ್ದ. ಹಲ್ಲು ಕಚ್ಚಿ ಒತ್ತುತ್ತಿದ್ದ. ಅಡಕೆ ಜಾರಿ ಬೀದಿಗೆ ಉರುಳುತ್ತಿತ್ತು. ಚೂರಿಯ ಮೇಲೆ ಅವನಿಗೆ ಒಂದು ದಿನವೂ ಅನುಮಾನ ಬರಲಿಲ್ಲ. ಅಂಗೈಯನ್ನು ಮುಖದ ಹತ್ತಿರ ಹಿಡಿದು ನೋಡಿಕೊಂಡು, "ಕೈ ಸತ್ತೋಯ್ತು ಕಣವ್ವ," ಅನ್ನುತ್ತಿದ್ದ. ನಾನು ಆಮೇಲಿಂದ ಅಡಕೆಯನ್ನು ಮನೆಯಲ್ಲೇ ಹೋಳು ಮಾಡಿ ಪೊಟ್ಟಣ ಕಟ್ಟಿ ತರುತ್ತಿದ್ದೆ. ಇಡೀ ಅಡಕೆ ಅವನ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಬೇಕೆಂದು ತಮ್ಮನ ಹೆಂಡತಿಗೂ ಹೇಳಿದೆ.

ದಿನ ಕಳೆದಂತೆ ಅಪ್ಪ ಇನ್ನಷ್ಟು ಖಾಲಿಯಾದ. ಮೊದಮೊದಲು ನನ್ನನ್ನು ಅವನ ಸತ್ತುಹೋದ ತಂಗಿ ಎಂದುಕೊಳ್ಳುತ್ತಿದ್ದ. ಆಮೇಲೆ, "ಯಾವೂರವ್ವ ನಿಂದು?" ಎಂದು ಕೇಳತೊಡಗಿದ. ಆದರೂ ಸಂಜೆ ಚೂರಿ ಕೇಳಿದರೆ ಜಗಲಿಯ ಮೇಲಿಡುತ್ತಿದ್ದ, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ನನಗೆ ಅಷ್ಟು ಸಾಕಿತ್ತು. ಊರು, ಹೆಸರು ಎಲ್ಲಾ ಹೋಗಿದ್ದರೂ ನನ್ನ ಜೊತೆಗಿನ ಸಂಬಂಧ ಕಡಿಯಬಾರದು ಅನ್ನುವುದು ಅವನೊಳಗೆ ಎಲ್ಲೋ ಉಳಿದಿದೆ ಎಂದುಕೊಂಡಿದ್ದೆ. ಬಸ್ಸಿನಲ್ಲಿ ಕೂತಾಗ, ಪಾಠ ಮಾಡುವಾಗ, ಸಂಜೆ ಇಡುತ್ತಾನೋ ಇಲ್ಲವೋ ಎನ್ನುವುದೊಂದೇ ಯೋಚನೆ. ಇಟ್ಟ ದಿನ ಅಪ್ಪ ಇದ್ದಾನೆ ಎಂದು ಸಮಾಧಾನ.

ಇದನ್ನು ಒಂದು ಸಲ ತಮ್ಮನ ಹೆಂಡತಿಯ ಹತ್ತಿರ ಬಾಯಿಬಿಟ್ಟೆ. ಅವಳು ಅಪ್ಪನ ಬಟ್ಟೆ ಹಿಂಡುತ್ತಿದ್ದಳು. ಹಾಸಿಗೆಯಲ್ಲಿ ಮಾಡಿಕೊಂಡದ್ದನ್ನು ದಿನವೂ ಒಗೆಯುವವಳು ಅವಳೇ. "ಅದು ರೂಢಿ ಕಣಕ್ಕ. ದನ ಸಂಜೆಗೆ ಕೊಟ್ಟಿಗೆಗೆ ಬರಕಿಲ್ವ, ಅಂಗೆ. ನಿಮ್ ಗುರ್ತು ಇಲ್ಲ ಅವ್ರಿಗೆ," ಎಂದಳು. ನನಗೆ ಮೈಯೆಲ್ಲಾ ಉರಿಯಿತು. ಅಪ್ಪನನ್ನು ದನ ಅಂದಳಲ್ಲ ಎಂದು ಒಂದು ವಾರ ಅವಳ ಜೊತೆ ಮಾತು ಬಿಟ್ಟೆ.

ಕಬ್ಬಿನ ಕಟಾವಿನ ಕಾಲ. ಪಾಂಡವಪುರದ ರಸ್ತೆಯಲ್ಲಿ ಕಬ್ಬಿನ ಗಾಡಿ, ಟ್ರಾಕ್ಟರುಗಳು ಸಾಲುಗಟ್ಟಿ ನಿಂತು ನನ್ನ ಬಸ್ಸು ತಡವಾಗಿತ್ತು. ಬಂದಾಗ ದೀಪ ಹಚ್ಚಿದ್ದರು. ಅಪ್ಪ ಜಗಲಿಯ ಮೇಲೆ ಕೂತಿದ್ದ. ತಮ್ಮನ ಹೆಂಡತಿ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಬಾಗಿಲಿನಲ್ಲಿ ನಿಂತಿದ್ದಳು.

"ಅಪ್ಪ, ಚೂರಿ," ಎಂದೆ.

ಅಪ್ಪ ಜೇಬಿನಿಂದ ತೆಗೆದ. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡ. ನನ್ನ ಬೆರಳುಗಳನ್ನು ಬಿಡಿಸಿ, ಚೂರಿಯನ್ನು ಅಂಗೈಯಲ್ಲಿಟ್ಟು, ಒಂದೊಂದಾಗಿ ಬೆರಳು ಮಡಿಸಿದ. ಅವನ ಕೈ ಬೆಚ್ಚಗಿತ್ತು. ನನ್ನ ಮುಖ ನೋಡಿ ನಕ್ಕ.

"ನೋಡಕ್ಕ, ಎಷ್ಟು ಆಸೆಯಿಂದ ಕೊಡ್ತಾವ್ರೆ," ಎಂದಳು ತಮ್ಮನ ಹೆಂಡತಿ. ನನ್ನ ಮೇಲಿನ ಮರುಕದಿಂದಲೇ ಅಂದಳು, ಅದು ನನಗೆ ಗೊತ್ತು.

ಅಪ್ಪ ಅಷ್ಟು ಪ್ರೀತಿಯಿಂದ ನನ್ನ ಕೈ ಹಿಡಿದದ್ದು ನನ್ನ ಆಯುಸ್ಸಿನಲ್ಲಿ ಅದೇ ಮೊದಲು, ಮತ್ತು ಆ ಹೊತ್ತಿನಲ್ಲಿ ಅವನು ನನ್ನಪ್ಪನಾಗಿರಲಿಲ್ಲ. ಚೂರಿಯನ್ನು ಅವನ ಮೊಣಕಾಲಿನ ಪಕ್ಕದಲ್ಲಿ ಜಗಲಿಯ ಮೇಲೆ ಇಟ್ಟೆ. ಕೈ ಹಿಂದಕ್ಕೆ ತೆಗೆದುಕೊಂಡೆ.

"ಇಕಾ, ಮಡಗಿವ್ನಿ. ಎತ್ಕೊ ಅಪ್ಪ. ಎತ್ಕೊಂಡು ಕೆಳಕ್ ಮಡುಗು," ಎಂದೆ. ನನ್ನ ದನಿ ನನಗೇ ಹೆದರಿಕೆಯಾಗುವಷ್ಟು ಜೋರಾಗಿತ್ತು.

ಅಪ್ಪ ಚೂರಿಯನ್ನು ನೋಡಿದ. ಮುಟ್ಟಲಿಲ್ಲ. ಕಪ್ಪಾದ ಆ ಹಿಡಿಯನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ನನ್ನನ್ನು ನೋಡಿದ.

"ಯಾರ್ದವ್ವ ಇದು?" ಎಂದ.

ತಮ್ಮನ ಹೆಂಡತಿ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಚೂರಿಯನ್ನು ಎತ್ತಿಕೊಂಡೆ.

"ನಂದೇ ಕಣಪ್ಪ," ಎಂದೆ.

"ಜ್ವಾಪಾನ ಕಣವ್ವ," ಎಂದ ಅಪ್ಪ, ದಾರಿಯಲ್ಲಿ ಹೋಗುವ ಯಾರಿಗಾದರೂ ಹೇಳುವ ಹಾಗೆ. "ಕೈ ಗಿಯ್ಯಿ ಕುಯ್ದಾತು."