ಅಕ್ಕ ಮೊಣಕಾಲೂರಿದ ಭಾನುವಾರ

ಇದನ್ನು ಹೇಳಿಬಿಡಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತ ಬಂದಿದ್ದೇನೆ, ಅಷ್ಟೇ ವರ್ಷಗಳಿಂದ ಮುಂದಕ್ಕೆ ಹಾಕುತ್ತಲೂ ಬಂದಿದ್ದೇನೆ. ನೆಪಗಳಿಗೇನು ಬರವೇ? ಕ್ರೈಸ್ತರಲ್ಲದವರಿಗೆ ಇದು ಅರ್ಥವಾಗದೆ ಹೋದೀತು, ಕ್ರೈಸ್ತರಿಗೆ ಸಿಟ್ಟು ಬಂದೀತು, ಉಳಿದವರು ‘ಇಷ್ಟಕ್ಕೇನಾ?’ ಎಂದಾರು. ಮೊನ್ನೆ ಶನಿವಾರ ಸೊಸೆ ಕರಿದ್ರಾಕ್ಷಿ ಬೇಯಿಸಲು ಇಟ್ಟಳು. ಮರುದಿನ ನಮ್ಮ ಚರ್ಚಿನಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದಿನ. ನಮ್ಮಲ್ಲಿ ದ್ರಾಕ್ಷಾರಸವೆಂದರೆ ಮದ್ಯವಲ್ಲ, ಹೀಗೆ ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಸೀಸೆಗೆ ತುಂಬಿದ ರಸ. ಆ ಹುಳಿಸಿಹಿ ವಾಸನೆ ನಡುಮನೆಗೆ ಬಂತು. ಎದ್ದು ಜಗಲಿಗೆ ಹೋಗಿ ಕುಳಿತೆ. ಅಲ್ಲಿಗೂ ಬಂತು. ಇನ್ನು ಓಡಲು ನನಗೆ ಜಾಗವಿಲ್ಲ, ಮಂಡಿಯಲ್ಲಿ ಶಕ್ತಿಯೂ ಇಲ್ಲ.

ನಾವು ಚಾಮರಾಜಪೇಟೆಯಲ್ಲಿದ್ದೆವು, ನಾನು ಮತ್ತು ಅಕ್ಕ. ನನಗಿಂತ ಬಹಳ ದೊಡ್ಡವಳು. ತಂದೆತಾಯಿ ಬೇಗ ಹೋದರು. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದುಕೊಂಡು ನನ್ನನ್ನು ಹೈಸ್ಕೂಲು ಮುಗಿಸುವ ತನಕ ಓದಿಸಿದಳು. ಮುಂದೆ ಓದುವ ತಲೆ ನನ್ನದಲ್ಲವೆಂದು ಇಬ್ಬರಿಗೂ ಒಟ್ಟಿಗೇ ತಿಳಿದಾಗ, ಉಪ್ಪಾರಪೇಟೆಯ ಒಂದು ಲಾಡ್ಜಿನಲ್ಲಿ ಗುಮಾಸ್ತನಾದೆ.

ನಮ್ಮದು ಮೆಥಡಿಸ್ಟ್ ಮನೆ. ನಾನು ಬ್ಯಾಪ್ಟಿಸ್ಟನಾದೆ. ಹೊರಗಿನವರ ಕಣ್ಣಿಗೆ ಎರಡೂ ಒಂದೇ. ಅದೇ ಶಿಲುಬೆ, ಅದೇ ಬೈಬಲು, ಹಾಡುಗಳೂ ಹೆಚ್ಚುಕಡಿಮೆ ಅವೇ. ವ್ಯತ್ಯಾಸವೆಲ್ಲ ನೀರಿನಲ್ಲಿ. ಒಮ್ಮೆ ನಮ್ಮ ಪಕ್ಕದ ಮನೆಯ ಶಿವಲಿಂಗಪ್ಪನವರು, ತರಗುಪೇಟೆಯಲ್ಲಿ ಬೇಳೆ ವ್ಯಾಪಾರ ಮಾಡುತ್ತಿದ್ದವರು, ನಮ್ಮ ವಾದ ಕೇಳಲಾರದೆ ಕಾಂಪೌಂಡಿನ ಆಚೆಯಿಂದಲೇ ಕೂಗಿದರು.

“ಅದೇನ್ರೀ ಟೀಚರಮ್ಮ, ದಿನಾ ನಿಮ್ಮಿಬ್ಬರದು?”

“ಏನಿಲ್ಲ ಯಜಮಾನ್ರೇ. ನಾವು ಕೂಸಿನ ತಲೆ ಮೇಲೆ ನೀರು ಚಿಮುಕಿಸಿ ದೇವರಿಗೆ ಒಪ್ಪಿಸ್ತೀವಿ. ಇವನು ಹೋಗೋ ಕಡೆ, ಬೆಳೆದು ಬುದ್ಧಿ ಬಂದು ನಾನೇ ನಂಬ್ತೀನಿ ಅಂದೋರನ್ನ ಮಾತ್ರ ಪೂರ್ತಿ ಮುಳುಗಿಸ್ತಾರೆ.”

“ಅಷ್ಟೇನಾ? ನಮ್ಮಲ್ಲೂ ಕೂಸಿಗೇ ಲಿಂಗ ಕಟ್ತೀವಿ. ದೊಡ್ಡೋನಾದ್ಮೇಲೆ ದೀಕ್ಷೆ. ಎರಡೂ ಇಟ್ಕೊಳ್ರೀ, ಜಗಳ ಯಾಕೆ?”

“ಹಾಗಾಗಲ್ಲ ಸಾರ್” ಎಂದೆ ನಾನು, ಆ ವಾರವಷ್ಟೇ ಕಲಿತ ಗಾಂಭೀರ್ಯದಲ್ಲಿ. “ನಂಬಿಕೆ ಇಲ್ದೆ ಹಾಕಿದ ನೀರು ದೀಕ್ಷಾಸ್ನಾನ ಅಲ್ಲ.”

“ಹಾಗಾದ್ರೆ ಅವತ್ತು ನಿನ್ನ ತಲೆ ಸುಮ್ನೆ ಒದ್ದೆ ಮಾಡಿಸ್ದೆ ಅನ್ನು” ಎಂದಳು ಅಕ್ಕ. ಅಮ್ಮನಿಗೆ ಬಾಣಂತಿ ಜ್ವರವಿದ್ದುದರಿಂದ ಅಂದು ನನ್ನನ್ನು ಎತ್ತಿಕೊಂಡು ಪಾದ್ರಿಗಳ ಮುಂದೆ ನಿಂತಿದ್ದವಳು ಅವಳೇ. ಶಿವಲಿಂಗಪ್ಪನವರು ನಗುತ್ತ ಒಳಗೆ ಹೋದರು. ನಾನು ನಗಲಿಲ್ಲ.

ಇಷ್ಟು ಸಿದ್ಧಾಂತ ನನಗೆ ಎಲ್ಲಿಂದ ಬಂತು? ಈ ವಯಸ್ಸಿನಲ್ಲಿ ಸುಳ್ಳು ಬೇಡ. ಬ್ಯಾಪ್ಟಿಸ್ಟರ ಆ ಪುಟ್ಟ ಸಭೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಹುಡುಗಿಯಿಂದ ಬಂತು. ಅವಳ ತಂದೆ ಅಲ್ಲಿನ ಹಿರಿಯ ಡೀಕನ್, ಅಂದರೆ ಸಭೆಯ ಪರಿಚಾರಕರಲ್ಲಿ ದೊಡ್ಡವರು. ಮೊದಲು ಹಾರ್ಮೋನಿಯಂ, ಆಮೇಲೆ ನಂಬಿಕೆ. ನಂಬಿಕೆ ಬಂದದ್ದಂತೂ ನಿಜ, ತಡವಾಗಿ ಬಂದದ್ದರಿಂದ ಜೋರಾಗಿಯೇ ಬಂತು.

ನನ್ನನ್ನು ಮುಳುಗಿಸಿದ ದಿನ ಅಕ್ಕ ಬಂದಿದ್ದಳು. ವೇದಿಕೆಯ ಹಲಗೆಗಳನ್ನು ತೆಗೆದರೆ ಕೆಳಗೆ ತೊಟ್ಟಿ. ತೊಟ್ಟಿಯಿಂದ ನಡುಗುತ್ತ ಹೊರಬಂದವನಿಗೆ ಟವೆಲ್ಲು ಕೊಟ್ಟು, “ನಾನು ಬಟ್ಟಲು ನೀರಲ್ಲಿ ಮುಗಿಸಿದ್ದೆ ಕಣೋ, ಇವರಿಗೆ ತೊಟ್ಟಿ ಬೇಕಾಯ್ತು. ತಲೆ ಚೆನ್ನಾಗಿ ಒರೆಸ್ಕೊ” ಎಂದಳು. ಅವಳ ಮಾತೇ ಹಾಗೆ. ಒಮ್ಮೆ ದೇವರ ರಕ್ಷಣೆ ಸಿಕ್ಕವನು ಅದನ್ನು ಕಳೆದುಕೊಳ್ಳುವುದಿಲ್ಲ ಎಂದು ನಮ್ಮವರ ಬೋಧನೆ, ಕಳೆದುಕೊಳ್ಳಬಹುದು, ಎಚ್ಚರವಿರಲಿ ಎಂದು ಮೆಥಡಿಸ್ಟರದು. ಅದಕ್ಕವಳು, “ನಾವು ಜಾರಿ ಬೀಳ್ತೀವೇನೋ ಅಂತ ನೆಲ ನೋಡ್ಕೊಂಡು ನಡೀತೀವಿ. ನೀವು ಬೀಳಲ್ಲ ಅಂತ ಕಣ್ಮುಚ್ಕೊಂಡು ನಡೀತೀರ” ಎನ್ನುತ್ತಿದ್ದಳು. ನಾನು ಉತ್ತರಕ್ಕೆ ಬೈಬಲಿನ ವಚನ ಹುಡುಕುವಷ್ಟರಲ್ಲಿ ಅವಳು ಸಾರಿಗೆ ಒಗ್ಗರಣೆ ಹಾಕಿ ಮುಗಿಸಿರುತ್ತಿದ್ದಳು.

ಸಭೆಯವರು ಕೈಯೆತ್ತಿ ನನ್ನನ್ನೂ ಡೀಕನ್ ಎಂದು ಆರಿಸಿದರು. ಮೆಥಡಿಸ್ಟರಲ್ಲಿ ಪಾದ್ರಿಗಳನ್ನು ಮೇಲಿನವರು ಕಳಿಸುತ್ತಾರೆ, ಮೇಲಿನವರೇ ವರ್ಗ ಮಾಡುತ್ತಾರೆ. ನಮ್ಮಲ್ಲಿ ಎಲ್ಲಕ್ಕೂ ಸಭೆಯ ಕೈ ಮೇಲೇಳಬೇಕು. ಹುಡುಗಿಯ ತಂದೆಯ ಕೈ ಎಲ್ಲರದಕ್ಕಿಂತ ಮೊದಲು ಮೇಲೆದ್ದಿತು. ಮದುವೆಯ ಮಾತು ಇನ್ನೂ ಆಡಿರಲಿಲ್ಲ, ಆದರೆ ಆ ಕೈಯಲ್ಲಿ ನಾನು ಅದನ್ನು ಓದಿಕೊಂಡೆ. ಹೊಸ ಡೀಕನ್ನನ ಮನೆಯಿಂದಲೇ ಮುಂದಿನ ಭೋಜನಕ್ಕೆ ದ್ರಾಕ್ಷಾರಸ ಬರಬೇಕೆಂಬುದು ರೂಢಿ. ನನ್ನ ಮನೆಯೆಂದರೆ ಅಕ್ಕ.

ಅವಳು ತಮ್ಮ ಚರ್ಚಿಗೆ ಎಷ್ಟೋ ವರ್ಷದಿಂದ ರಸ ಮಾಡುತ್ತಿದ್ದವಳು. ಸಂತೋಷವಾಗಿ ಒಪ್ಪಿ, ಮಾರುಕಟ್ಟೆಯಿಂದ ತಾನೇ ಹಣ್ಣು ಆರಿಸಿ ತಂದಳು. “ಭಾನುವಾರ ನಾನೂ ಬರ್ತೀನಿ. ನಮ್ಮ ಹುಡುಗ ತಟ್ಟೆ ಹಿಡಿಯೋದು ನೋಡ್ಬೇಕು” ಎಂದಳು.

ಇಲ್ಲಿಯೇ ಇದೆ ನನ್ನ ತಪ್ಪು. ಮುಳುಗಿ ದೀಕ್ಷಾಸ್ನಾನ ಪಡೆಯದವರಿಗೆ ಆಗ ನಮ್ಮ ಸಭೆಯಲ್ಲಿ ರೊಟ್ಟಿಯಿಲ್ಲ, ರಸವೂ ಇಲ್ಲ. ಅದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಮೆಥಡಿಸ್ಟರು ಯಾವ ಸಭೆಯವರನ್ನೂ ಕರೆದು ಕೊಡುವವರು, ಹಾಗಾಗಿ ಕೇಳಬೇಕೆಂದೂ ಅವಳಿಗೆ ಹೊಳೆದಿರಲಾರದು. ಹೇಳಲು ಇಡೀ ವಾರವಿತ್ತು. ಹೇಳಿದರೆ ರಸ ಮಾಡುವುದಿಲ್ಲವೇನೋ, ಅಥವಾ ಮಾಡಿಕೊಟ್ಟು ಒಂದು ಮಾತು ಅಂದುಬಿಡುತ್ತಾಳೇನೋ ಎಂದು ಸುಮ್ಮನಿದ್ದೆ. ಸೀಸೆಗಳನ್ನು ಮಾತ್ರ ಎಚ್ಚರಿಕೆಯಿಂದ ಎತ್ತಿಕೊಂಡು ಹೋದೆ.

ಭೋಜನದ ಹೊತ್ತಿಗೆ ಬ್ಯಾಪ್ಟಿಸ್ಟರು ಕುಳಿತಲ್ಲೇ ಕುಳಿತಿರುತ್ತಾರೆ, ಡೀಕನ್ನರು ತಟ್ಟೆ ತರುತ್ತಾರೆ. ಮೆಥಡಿಸ್ಟರು ಎದ್ದು ಮುಂದೆ ಹೋಗಿ ಮೊಣಕಾಲೂರಿ ಕೈ ಚಾಚುತ್ತಾರೆ. ಆ ಭಾನುವಾರ ಪಾದ್ರಿಗಳು ರೊಟ್ಟಿ ಮುರಿದು ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ತಿರುಗಿದರೆ ಅಕ್ಕ ಎದ್ದು ಬರುತ್ತಿದ್ದಾಳೆ. ತನ್ನ ಮನೆಯಲ್ಲೇ ನಡೆಯುವಂತೆ ಬಂದು, ಸೆರಗು ಹೊದ್ದು, ಮೇಜಿನ ಮುಂದೆ ಬರಿನೆಲದ ಮೇಲೆ ಮೊಣಕಾಲೂರಿ, ಬಲಗೈಯನ್ನು ಎಡಗೈಯ ಮೇಲಿಟ್ಟು ಚಾಚಿದಳು. ಹಿಂದೆ ಯಾರೋ ಕಿಸಕ್ಕೆಂದರು. ಹಾರ್ಮೋನಿಯಂ ನಿಂತಿತು. ಮುಂದಿನ ಸಾಲಿನಲ್ಲಿ ಹುಡುಗಿಯ ತಂದೆ ಅಕ್ಕನನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದರು.

ಬಗ್ಗಿ, “ಅಕ್ಕ, ಹೋಗಿ ಕೂತ್ಕೊ” ಎಂದೆ.

“ಯಾಕೋ? ಸಾಲಲ್ವಾ? ಬೇಕಾದಷ್ಟು ಮಾಡಿದ್ನಲ್ಲೋ” ಎಂದು ಪಿಸುಗುಟ್ಟಿದಳು.

ಹೌದು, ಸಾಲದು ಎಂದು ಆ ಸುಳ್ಳಿಗೇ ತಲೆಯಾಡಿಸಬಹುದಿತ್ತು. ನಾನು ಎಲ್ಲರಿಗೂ ಕೇಳುವಂತೆ, “ನಿನಗೆ ದೀಕ್ಷಾಸ್ನಾನ ಆಗಿಲ್ಲ” ಎಂದೆ.

ಅವಳು ನನ್ನ ಮುಖವನ್ನು ನೋಡಿದಳು. ಎದ್ದಳು. ಹೋಗಿ ಕುಳಿತಳು. ಅವಳ ಸಾಲಿಗೆ ನಾನೇ ತಟ್ಟೆ ಒಯ್ದೆ, ಅವಳ ಮುಂದಿನಿಂದ ದಾಟಿಸಿ ಪಕ್ಕದವರಿಗೆ ಹಿಡಿದೆ. ಆಮೇಲೆ ಅವಳೇ ಸೋಸಿದ ರಸವನ್ನೂ ಹಾಗೆಯೇ ದಾಟಿಸಿದೆ.

ಮನೆಗೆ ಬರುವಾಗ, “ಹುಡುಗಿ ಚೆನ್ನಾಗಿ ನುಡಿಸ್ತಾಳೆ. ಆದಷ್ಟು ಬೇಗ ಮಾತಾಡ್ಬಿಡೋಣ” ಎಂದಳು. ಮದುವೆ ಆಯಿತು. ಹೊಸ ಹೆಂಡತಿಗೆ ರಸ ಮಾಡುವ ಹದ ಬರಲಿಲ್ಲವೆಂದು ಅಕ್ಕನೇ ನಮ್ಮ ಸಭೆಗೆ ಮಾಡಿ ಕಳಿಸುತ್ತ ಬಂದಳು. ತಾನು ಮಾತ್ರ ಮತ್ತೆ ಬರಲಿಲ್ಲ. ನಾನು ಸೀಸೆ ತೆಗೆದುಕೊಳ್ಳುತ್ತಿದ್ದೆ, ಖಾಲಿ ಸೀಸೆ ಹಿಂದಿರುಗಿಸುತ್ತಿದ್ದೆ. ನಡುವೆ ಒಂದು ಮಾತು ಆಡಬಹುದಿತ್ತು.

ಕೊನೆಗಾಲದಲ್ಲಿ ಅವಳು ಮಲಗಿದ್ದಾಗ ಅವರ ಪಾದ್ರಿಗಳು ಮನೆಗೇ ಭೋಜನ ತಂದರು. ಅವಳಿಗೆ ಕೊಟ್ಟು, ಮಂಚದ ಪಕ್ಕ ನಿಂತಿದ್ದ ನನ್ನ ಕಡೆಗೂ ರೊಟ್ಟಿ ಚಾಚಿದರು. ನಮ್ಮವರಲ್ಲದವರ ಕೈಯಿಂದ ಆಗ ನಾವು ತೆಗೆದುಕೊಳ್ಳುವಂತಿರಲಿಲ್ಲ. ನನ್ನ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. ಪಾದ್ರಿಗಳು ತಬ್ಬಿಬ್ಬಾದರು.

“ಬಿಡಿ ಅಯ್ಯನವರೇ” ಎಂದಳು ಅಕ್ಕ, ಇದ್ದ ಅಷ್ಟಿಷ್ಟು ದನಿಯಲ್ಲಿ. “ಅವರಲ್ಲಿ ಹಾಗಿಲ್ಲ. ಅವನಿಗೆ ಬಲವಂತ ಮಾಡ್ಬೇಡಿ.”

ನನ್ನ ಮರ್ಯಾದೆಯನ್ನು ಅವಳು ಹಾಗೆ ಕಾಪಾಡಿದಳು. ಆಗಲೂ ನಾನು ಕ್ಷಮೆ ಕೇಳಲಿಲ್ಲ. ನಾಳೆ ಎಂದುಕೊಂಡೆ. ಆ ನಾಳೆಯ ಬೆಳಿಗ್ಗೆ ಅವಳಿರಲಿಲ್ಲ.

ಈಗ ನಮ್ಮ ಸಭೆಯಲ್ಲಿ ಆ ನಿಯಮವಿಲ್ಲ. ಕರ್ತನನ್ನು ಪ್ರೀತಿಸುವ ಯಾರೇ ಆದರೂ ತೆಗೆದುಕೊಳ್ಳಬಹುದೆಂದು ಕೆಲವು ವರ್ಷಗಳ ಹಿಂದೆ ಕೈಯೆತ್ತಿ ತೀರ್ಮಾನಿಸಿದರು. ನಾನೂ ಎತ್ತಿದೆ. ಎಷ್ಟು ಹಗುರವಾಗಿ ಎದ್ದಿತು ಆ ಕೈ! ನನ್ನ ತಪ್ಪನ್ನು ನಿಯಮದ ಮೇಲೆ ಹೊರಿಸಿ ಕುಳಿತಿದ್ದವನಿಗೆ ಆ ದಿನ ನಿಯಮವೂ ಕೈಬಿಟ್ಟಿತು. ಉಳಿದದ್ದು ನಾನೊಬ್ಬನೇ.

ಮೊನ್ನೆ ಭಾನುವಾರ ತಟ್ಟೆ ನಮ್ಮ ಸಾಲಿಗೆ ಬಂತು. ಇಷ್ಟು ವರ್ಷ ತಪ್ಪದೆ ತೆಗೆದುಕೊಂಡವನು, ಮೊದಲ ಸಲ ತೆಗೆದುಕೊಳ್ಳದೆ ಪಕ್ಕದಲ್ಲಿದ್ದ ಮೊಮ್ಮಗಳ ಕಡೆಗೆ ಸರಿಸಿದೆ.

“ಯಾಕ್ ತಾತ, ಮೈ ಹುಷಾರಿಲ್ವಾ?” ಎಂದು ಅವಳು ಕಿವಿಯಲ್ಲಿ ಕೇಳಿದಳು.

“ಹುಷಾರಾಗಿದೀನಿ. ಒಬ್ಬರ ಹತ್ರ ಕ್ಷಮೆ ಕೇಳೋದು ಬಾಕಿ ಇದೆ.”

“ಯಾರ ಹತ್ರ?”

ಮನೆಯಲ್ಲಿ ನಾನು ಎಂದೂ ಹೆಸರು ಹಿಡಿದು ಹೇಳಿರಲಿಲ್ಲ. ಅಕ್ಕ ಎಂದರೆ ಸಾಕಾಗುತ್ತಿತ್ತು, ಆಮೇಲೆ ಅದನ್ನೂ ಬಿಟ್ಟಿದ್ದೆ. ಹೇಳಿದೆ.

“ಸುಗುಣಾಬಾಯಿ.”