ತಂಗಿಯ ಪಾಲಿನ ಉಪ್ಪುಕಂಡ

ನನ್ನ ತಂಗಿ ವಿಮಾನದ ಕೆಲಸದಲ್ಲಿದ್ದ ಒಂದೂವರೆ ವರ್ಷ, ಅವಳು ಹೊರದೇಶಗಳಲ್ಲಿ ಉಂಡದ್ದೆಲ್ಲ ನಮ್ಮೂರು ಹೆಡತಲೆಯಲ್ಲಿ ಅವ್ವನ ಒಲೆಯ ಮೇಲೆ ಹುರಿದದ್ದು. ಆ ಕೆಲಸ ಹೋದದ್ದು ನನ್ನಿಂದ. ಅವಳು ಬಹಳ ಕಾಲ ಅದನ್ನು ಅವ್ವನಿಂದ ಎಂದು ನಂಬಿದ್ದಳು. ನಂಬಲಿ ಎಂದು ನಾನು ಬಿಟ್ಟೆ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ತಂಗಿಗೂ ನನಗೂ ಹನ್ನೆರಡು ವರ್ಷದ ಅಂತರ. ಅವಳು ಹೊಸಿಲು ದಾಟುವ ಮೊದಲೇ ಅಪ್ಪ ತೀರಿಕೊಂಡ. ಅವ್ವ ಕೂಲಿಗೆ ಹೋಗಬೇಕಾಯಿತು, ನಾನು ಶಾಲೆ ಬಿಟ್ಟು ಕೂಸನ್ನು ಸೊಂಟಕ್ಕೆ ಏರಿಸಿಕೊಂಡೆ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಅವಳಿಗೆ ಕಲಿಸಿದ್ದು ನಾನು. ಆಮೇಲೆ ನನ್ನನ್ನು ನರಸೀಪುರಕ್ಕೆ ಕೊಟ್ಟರು. ಅಲ್ಲಿ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದೆ, ಇವತ್ತಿಗೂ ಅದೇ ಕೆಲಸ. ಅವಳು ನಂಜನಗೂಡಿನಲ್ಲಿ ಡಿಗ್ರಿ ಮುಗಿಸಿ, ಮೈಸೂರಿನ ಹೋಟೆಲೊಂದರಲ್ಲಿ ಕೌಂಟರಿನಲ್ಲಿ ಕೂತಿದ್ದಳು. ಅಲ್ಲಿಂದಲೇ ಅರ್ಜಿ ಹಾಕಿ, ವಿಮಾನದಲ್ಲಿ ಕೂತವರಿಗೆ ಊಟ ತಿಂಡಿ ಕೊಟ್ಟು ನೋಡಿಕೊಳ್ಳುವ ಕೆಲಸಕ್ಕೆ ಆಯ್ಕೆಯಾದಳು. ಇನ್ನೂ ಕಾಯಂ ಆಗಿರಲಿಲ್ಲ.

ಮೊದಲ ಸಲ ಹೊರದೇಶಕ್ಕೆ ಹೋಗಿ ಬಂದವಳು ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಎಲ್ಲವನ್ನೂ ಹೇಳಿದ್ದಳು. ವಿಮಾನ ಅಲ್ಲಿ ಇಳಿದ ಮೇಲೆ ವಾಪಸು ಹೊರಡುವ ತನಕ ಒಂದು ದಿನವೋ ಎರಡು ದಿನವೋ ಹೋಟೆಲಿನಲ್ಲಿ ಇರಿಸುತ್ತಾರೆ. ರೂಮು ಕಂಪನಿಯದು. ಬೆಳಗಿನ ತಿಂಡಿ ಹೋಟೆಲಿನದು. ಮಿಕ್ಕ ಊಟಕ್ಕೆ ಆ ದೇಶದ ದುಡ್ಡನ್ನೇ ಕೈಗೆ ಕೊಡುತ್ತಾರೆ. ಉಂಡರೆ ಮುಗಿಯಿತು, ಉಳಿಸಿದರೆ ನಮ್ಮದು.

"ಅಲ್ಲಿ ಒಂದ್ ಪ್ಲೇಟ್ ಅನ್ನಕ್ಕೆ ಎಷ್ಟು ಗೊತ್ತಾ ಅಕ್ಕ? ನೀನು ವಾರವೆಲ್ಲ ಸ್ಕೂಲಲ್ಲಿ ಸೌಟು ತಿರುಗ್ಸಿದ್ರೂ ಸಾಲಲ್ಲ."

"ಅಂಗಾದ್ರೆ ನನ್ನೂ ಕರ್ಕೊಂಡೋಗು. ನಿನ್ ರೂಮಲ್ಲೇ ಒಂದ್ ಒಲೆ ಹೂಡ್ತೀನಿ."

"ಹೂಡು. ನೀನು ಊದೋದ್ರೊಳಗೆ ಫೈರ್ ಇಂಜಿನ್ ಬಂದು ನಿಂತಿರುತ್ತೆ."

ಅವ್ವ ಒಲೆಯ ಮುಂದೆ ಕೂತು ನಗುತ್ತಿದ್ದಳು. ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಒಂದು ಬಿಟ್ಟರೆ ಬೇರೇನೂ ಇರುವುದಿಲ್ಲ ಎಂದು ತಂಗಿ ಹೇಳಿದಾಗ, "ಬಿಸಿನೀರು ಇದ್ರೆ ಸಾಕಲ್ವಾ" ಎಂದವಳು ಅವ್ವನೇ.

ಅವತ್ತಿನಿಂದ ಶುರುವಾಯಿತು. ತಂಗಿ ಒಂದು ಕೆಟಲ್ ತಂದು ಅವ್ವನ ಮನೆಯಲ್ಲಿಟ್ಟಳು. ನಾನು ಭಾನುವಾರ ನರಸೀಪುರದಿಂದ ನಂಜನಗೂಡಿಗೆ ಬಂದು, ಬಸ್ಸು ಬದಲಾಯಿಸಿ ಹೆಡತಲೆಗೆ ಹೋಗುವುದು, ಒಲೆ ಮುಟ್ಟದೆ ಬರೀ ಬಿಸಿನೀರಲ್ಲಿ ಏನೇನು ಬೇಯುತ್ತದೆ ಎಂದು ನೋಡುವುದು. ಸಣ್ಣ ರವೆಯನ್ನು ಎಣ್ಣೆ, ಒಣಮೆಣಸಿನಕಾಯಿ, ಇಂಗು, ಉಪ್ಪು ಹಾಕಿ ಕೆಂಪಗೆ ಹುರಿದರೆ, ಲೋಟದಲ್ಲಿ ಕುದಿನೀರು ಹುಯ್ದು ತಟ್ಟೆ ಮುಚ್ಚಿದ ಸ್ವಲ್ಪ ಹೊತ್ತಿಗೆ ಉಪ್ಪಿಟ್ಟಾಗುತ್ತದೆ. ದಪ್ಪ ರವೆ ಆಗುವುದಿಲ್ಲ, ಹಲ್ಲಿಗೆ ಸಿಗುತ್ತದೆ. ಅವಲಕ್ಕಿಯನ್ನು ತರಿಯಾಗಿ ಕುಟ್ಟಿ, ಹುಣಿಸೆಹಣ್ಣು ಒಣಗಿಸಿ ಪುಡಿ ಮಾಡಿ, ಸಾರಿನಪುಡಿ, ಬೆಲ್ಲ ಬೆರೆಸಿಟ್ಟರೆ ಅದಕ್ಕೂ ನೀರೊಂದೇ ಸಾಕು. ಎಲ್ಲಕ್ಕಿಂತ ಅವಳಿಗೆ ಹಿಡಿಸಿದ್ದು ಹುರಿಹಿಟ್ಟು. ರಾಗಿಯನ್ನು ನೆನೆಸಿ, ಅರಳು ಹುರಿದು, ಬೀಸಿದ ಹಿಟ್ಟು. ಅಲ್ಲಿ ಅಂಗಡಿಯಿಂದ ಒಂದು ಕಪ್ಪು ಮೊಸರು ತಂದು ಕಲಸಿಕೊಂಡರೆ ಹೊಟ್ಟೆ ತಣ್ಣಗಿರುತ್ತದೆ, ನಿಂತು ಕೆಲಸ ಮಾಡುವವರಿಗೆ ಅದೇ ಸರಿ ಎನ್ನುತ್ತಿದ್ದಳು. ಬೆಳಿಗ್ಗೆ ಹೋಟೆಲಿನಲ್ಲಿ ಮೊಟ್ಟೆ, ಹಣ್ಣು ಹೊಟ್ಟೆ ತುಂಬ ತಿನ್ನುವುದು, ಸಂಜೆಗೆ ನಮ್ಮ ಡಬ್ಬಿ. ಜೊತೆಯವರು ಊಟಕ್ಕೆ ಹೊರಗೆ ಕರೆದರೆ ತಲೆನೋವು ಎಂದು ರೂಮಿನಲ್ಲೇ ಉಳಿಯುವುದು. ಆಮೇಲಾಮೇಲೆ ಉತ್ತರದ ಕಡೆಯ ಒಬ್ಬ ಹುಡುಗಿ ತನ್ನ ಲೋಟ ಹಿಡಿದುಕೊಂಡು ಇವಳ ರೂಮಿಗೇ ಬರತೊಡಗಿದಳಂತೆ. ನಿಮ್ಮ ಅಕ್ಕ ಹೋಟೆಲ್ ಇಟ್ಟಿದ್ದಾರಾ ಎಂದು ಕೇಳಿದಳಂತೆ. ಅದನ್ನು ಕೇಳಿ ಒಂದು ವಾರ ನನಗೆ ನೆಲದ ಮೇಲೆ ಕಾಲಿರಲಿಲ್ಲ.

ಹೀಗೆ ಉಳಿಸಿದ್ದರಲ್ಲಿ ಅವಳು ಅವ್ವನಿಗೆ ಬಚ್ಚಲು, ಕಕ್ಕಸು ಕಟ್ಟಿಸಲು ಹೊರಟಿದ್ದಳು. ಈ ವಯಸ್ಸಿನಲ್ಲಿ ಅವ್ವ ಕತ್ತಲಾಗುವುದನ್ನು ಕಾದು ಬಯಲಿಗೆ ಹೋಗುವುದು ತಪ್ಪಲಿ ಎಂದು. ಹಿತ್ತಲಲ್ಲಿ ಗುಂಡಿ ತೆಗೆಸಿ, ಪಾಯ ಹಾಕಿಸಿ, ಗೋಡೆ ಎಬ್ಬಿಸಿದ್ದಾಯಿತು. ಗೋಡೆ ಎದೆಯೆತ್ತರಕ್ಕೆ ಬಂದಿತ್ತು.

ಡಬ್ಬಿಗೆ ಏನು ಹಾಕಬಾರದು ಎಂಬುದನ್ನೂ ಅವಳೇ ಬರೆದುಕೊಟ್ಟಿದ್ದಳು. ನಾನು ಓದಲೆಂದು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಡುಗೆಮನೆಯ ಬೀರುವಿನ ಬಾಗಿಲಿಗೆ ಅಂಟಿಸಿದ್ದಳು. ಕಾಳು ಬೇಡ, ಹಸಿ ಹಣ್ಣು ಬೇಡ, ಕರಿಬೇವು ಬೇಡ, ತುಪ್ಪ ಬೇಡ. ಮಾಂಸ, ಮೀನು ಒಂದು ಚೂರೂ ಬೇಡ. ಕೆಲವು ದೇಶಗಳಲ್ಲಿ ಇಳಿದ ಕೂಡಲೇ ಬ್ಯಾಗಿನಲ್ಲಿ ಏನಿದೆ ಎಂದು ಬರೆದು ಸಹಿ ಹಾಕಬೇಕು, ಸುಳ್ಳಾದರೆ ಬಿಡುವುದಿಲ್ಲ ಎಂದು ಬಾಯಲ್ಲೂ ಹೇಳಿದ್ದಳು. ಆದ್ದರಿಂದ ನನಗೆ ತಿಳಿಯಲಿಲ್ಲ ಎಂದು ನಾನು ಹೇಳುವಂತಿಲ್ಲ.

ಆ ವರ್ಷ ಮಾರಿಹಬ್ಬಕ್ಕೆ ಅವಳಿಗೆ ರಜೆ ಸಿಗಲಿಲ್ಲ. ನಮ್ಮಲ್ಲಿ ಹಬ್ಬಕ್ಕೆ ಮರಿ ಕಡಿದರೆ ಊರಲ್ಲಿಲ್ಲದ ಮಕ್ಕಳಿಗೂ ಪಾಲು ತೆಗೆದಿಡಬೇಕು. ಹಸಿಯದು ಇರುವುದಿಲ್ಲವಲ್ಲ, ಅದಕ್ಕೆ ಉದ್ದುದ್ದ ಸೀಳಿ, ಉಪ್ಪು ಅರಿಸಿನ ಹಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತೇವೆ. ಒಣಗಿದ ಮೇಲೆ ಅದು ಉಪ್ಪುಕಂಡ. ಆ ಪಾಲು ಯಾರದೋ ಅವರಿಗೇ ಸೇರಬೇಕು, ಬೇರೆಯವರು ತಿಂದರೆ ಅವರ ಹೊಟ್ಟೆ ಉರಿಸಿದ ಹಾಗೆ ಎಂದು ಅವ್ವ ಎರಡು ವಾರ ಅದನ್ನು ಒಲೆಯ ಮೇಲಿನ ಕೊಕ್ಕೆಯಲ್ಲೇ ಕಾಪಾಡಿದ್ದಳು.

ತಂಗಿ ಬಂದದ್ದು ಅರ್ಧ ದಿನಕ್ಕೆ. ಕೆನ್ನೆ ಒಳಗೆ ಹೋಗಿತ್ತು. ಕಂಡ ಹುರಿದು ಬಿಸಿ ಮುದ್ದೆ ಮಾಡುತ್ತೇನೆ, ಉಂಡು ಹೋಗು ಎಂದೆ.

"ಬ್ಯಾಡ ಅಕ್ಕ. ಇವತ್ತೇ ಡ್ಯೂಟಿಗೆ ಹತ್ಬೇಕು, ಕೈಯೆಲ್ಲ ವಾಸ್ನೆ ನಿಲ್ಲುತ್ತೆ."

"ಚಿಕ್ಕೋಳಿದ್ದಾಗ ಇದೇ ಕಂಡಕ್ಕೆ ರಂಪ ಮಾಡ್ತಿದ್ದೆ. ಈಗ ವಾಸ್ನೆಯಾ?"

"ಈಗ ನಾನು ಚಿಕ್ಕೋಳಲ್ಲ ಕಣಕ್ಕ. ಡಬ್ಬಿ ತುಂಬ್ಕೊಡು ಸಾಕು."

ಅವಳು ತಲೆಗೆ ನೀರು ಹಾಕಿಕೊಳ್ಳಲು ಹಿತ್ತಲಿಗೆ ಹೋದಳು, ನೀರು ಹುಯ್ಯಲು ಅವ್ವನೂ ಹೋದಳು. ನಾನು ಕೊಕ್ಕೆಯಿಂದ ಕಂಡ ತೆಗೆದು, ಚೂರು ಮಾಡಿ, ಖಾರದಪುಡಿ ಹಾಕಿ ಗರಿಗರಿಯಾಗಿ ಹುರಿದೆ. ಎರಡು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ ಹುರಿಹಿಟ್ಟಿನ ಡಬ್ಬಿಯ ತಳಕ್ಕಿಟ್ಟು, ಮೇಲೆ ಹಿಟ್ಟು ತುಂಬಿ ಅಂಗೈಯಲ್ಲಿ ಒತ್ತಿದೆ. ಅವಳು ಬಡವಾಗಿದ್ದಾಳೆ, ತಿನ್ನಲಿ ಎಂಬ ಆಸೆ ಇದ್ದದ್ದು ನಿಜ. ಆದರೆ ಅದೊಂದೇ ಇರಲಿಲ್ಲ. ದೂರದ ದೇಶದಲ್ಲಿ ಒಬ್ಬಳೇ ಕೂತು, ತಳದ ಪೊಟ್ಟಣ ಬಿಚ್ಚಿ, ಬೇಡ ಎಂದವಳೇ ಬೆರಳು ಚೀಪಬೇಕು, ಚೀಪಿ ನನಗೆ ಫೋನು ಮಾಡಬೇಕು ಎಂದು ನನಗಿತ್ತು. ನಾನು ಗೆಲ್ಲಬೇಕು ಎಂದಿತ್ತು.

ಅವಳು ಹೊರಟ ಮೇಲೆ ಅವ್ವ ಕೊಕ್ಕೆ ನೋಡಿದಳು.

"ಕಂಡ ಎಲ್ಲವ್ವ?"

"ಡಬ್ಬಿಗೆ ಆಕ್ದೆ. ಅವಳ ಪಾಲು ಅವಳಿಗೆ ಸೇರ್ಲಿ."

"ಬ್ಯಾಡ ಅಂತ ಬರ್ದವ್ಳಲ್ಲ ಮಗ."

"ಹಿಟ್ಟಿನ ತಳ ಕೆದ್ಕಿ ಯಾರ್ ನೋಡ್ತಾರೆ, ಬುಡು."

 ಆಗಲೂ ತಂಗಿಗೆ ಫೋನು ಮಾಡಿ ಹೇಳಬಹುದಿತ್ತು. ಬಸ್ಸು ಇನ್ನೂ ನಂಜನಗೂಡೂ ದಾಟಿರಲಿಲ್ಲ.

ಮುಂದಿನ ಭಾನುವಾರ ನಾನು ಅವ್ವನ ಮನೆಯಲ್ಲಿ ರಾಗಿ ಕೇರುತ್ತಿದ್ದಾಗ ತಂಗಿಯ ಫೋನು ಬಂತು. ಅವ್ವನಿಗೆ ಕಿವಿ ಮಂದ, ಯಾವಾಗಲೂ ಸ್ಪೀಕರಿಗೆ ಹಾಕಿ ಮಾತಾಡುತ್ತಿದ್ದಳು. ತಂಗಿಯ ದನಿ ಅಳು ಮುಗಿಸಿದವರ ದನಿಯಂತಿತ್ತು. ಆ ದೇಶದಲ್ಲಿ ಇಳಿದಾಗ ಮಾಂಸ ಇಲ್ಲ ಎಂದು ಬರೆದು ಸಹಿ ಹಾಕಿದ್ದಳು. ಬ್ಯಾಗನ್ನು ಮಿಷನ್ನಿನಲ್ಲಿ ನೋಡಿದವರು ಡಬ್ಬಿ ತೆಗೆಸಿ, ಹಿಟ್ಟನ್ನು ಒಂದು ತಟ್ಟೆಗೆ ಸುರಿದರಂತೆ. ಜೊತೆಯ ಕೆಲಸದವರೆಲ್ಲ ಪಕ್ಕದಲ್ಲೇ ನಿಂತಿದ್ದರಂತೆ. ದಂಡ ಹಾಕಿದರು, ಕಂಪನಿಗೆ ಬರೆದರು. ಸುಳ್ಳು ಸಹಿ ಹಾಕಿದವಳು ಬೇಡ ಎಂದು ಕಂಪನಿಯವರು ತೆಗೆದರು.

"ಡಬ್ಬಿಗೆ ಅದನ್ನ ಹಾಕ್ದೋರು ಯಾರವ್ವ?" ಎಂದು ಕೇಳಿದಳು.

ನನ್ನ ಕೈಯಲ್ಲಿ ಮೊರ ಹಾಗೇ ನಿಂತಿತು. ಅವ್ವ ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳಲಿ ಎಂದು ಸ್ವಲ್ಪ ಹೊತ್ತು ಕಾದಳು ಎಂದೇ ನನಗೆ ಈಗ ಅನ್ನಿಸುತ್ತದೆ.

"ನಾನೇ ಕಣ್ಮಗ," ಎಂದಳು. "ನನಗೆ ಗ್ಯಾನ ಎಲ್ಲಿ ಅದೆ. ತಿನ್ಲಿ ಅಂತ ಆಕ್ಬುಟ್ಟೆ."

ತಂಗಿ ಆಮೇಲೆ ಆಡಿದ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವು ನನಗೆ ಸೇರಬೇಕಾದ ಮಾತುಗಳು. ಅವ್ವ ಫೋನನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಎಲ್ಲದಕ್ಕೂ "ಊ ಕಣವ್ವ, ಊ" ಎನ್ನುತ್ತಿದ್ದಳು. ಫೋನು ಇಟ್ಟ ಮೇಲೆ ನಾನು ಅತ್ತೆ. ಈಗಲೇ ತಿರುಗಿ ಫೋನು ಮಾಡಿ ಹೇಳುತ್ತೇನೆ ಎಂದೆ.

"ಬ್ಯಾಡ, ಸುಮ್ನಿರು," ಎಂದಳು ಅವ್ವ. "ನನ್ ಮ್ಯಾಲೆ ಅವ್ಳಿಗೆ ಎಷ್ಟು ದಿಸ ಸಿಟ್ಟಿದ್ದಾತು? ನಾಳೆ ನಾನಿಲ್ದಾಗ ನೀವಿಬ್ರೇ ಅಲ್ವಾ ಇರೋದು."

ಅವ್ವ ಬೇಡ ಎಂದಳು, ಅದಕ್ಕೆ ಹೇಳಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವ್ವ ಬೇಡ ಎಂದಾಗ ನನ್ನ ಎದೆ ಹಗುರವಾಯಿತಲ್ಲ, ಅದು ನನಗೆ ಗೊತ್ತು.

ತಂಗಿ ಮೂರು ತಿಂಗಳು ಅವ್ವನ ಜೊತೆ ಮಾತು ಬಿಟ್ಟಳು. ನನಗೆ ಫೋನು ಮಾಡುತ್ತಿದ್ದಳು, ಮೊದಲಿಗಿಂತ ಹೆಚ್ಚಾಗಿಯೇ. ಅವ್ವನನ್ನು ದೂರಿ ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದಳು, ನಾನು ಸಮಾಧಾನ ಮಾಡುತ್ತಿದ್ದೆ. "ಪಾಪ, ವಯಸ್ಸಾಯ್ತಲ್ಲ" ಎಂದು ಕೂಡ ಅಂದಿದ್ದೇನೆ. ಬಚ್ಚಲಿನ ಗೋಡೆ ಎದೆಯೆತ್ತರಕ್ಕೇ ನಿಂತುಬಿಟ್ಟಿತು. ಅವ್ವ ಅದರ ಮೇಲೆ ಒಂದು ಹಳೆ ಸೀರೆ ಕಟ್ಟಿಕೊಂಡು ನೀರು ಹುಯ್ದುಕೊಳ್ಳುತ್ತಿದ್ದಳು. ಬಯಲಿಗೆ ಹೋಗುವುದು ಕೊನೆಯವರೆಗೂ ತಪ್ಪಲಿಲ್ಲ.

ತಂಗಿ ಮತ್ತೆ ಮೈಸೂರಿನಲ್ಲಿ ಹೋಟೆಲ್ ಕೆಲಸಕ್ಕೇ ಸೇರಿದಳು. ಊರಿಗೆ ಬರತೊಡಗಿದಳು, ಮಾತೂ ಶುರುವಾಯಿತು. ಆದರೆ ಅವ್ವ ಏನು ಕಟ್ಟಿಕೊಟ್ಟರೂ ಒಯ್ಯುತ್ತಿರಲಿಲ್ಲ. ಅವ್ವ ಬಾಗಿಲವರೆಗೆ ಪೊಟ್ಟಣ ಹಿಡಿದು ಬಂದು, ಹಾಗೇ ವಾಪಸು ಒಳಗೆ ಒಯ್ಯುವುದನ್ನು ನಾನು ನೋಡಿದ್ದೇನೆ. ಹೋದ ವರ್ಷ ಅವ್ವ ಜ್ವರದಲ್ಲಿ ಮಲಗಿದವಳು ಏಳಲಿಲ್ಲ. ಮಣ್ಣು ಮಾಡಿ ಬಂದ ದಿನ ತಂಗಿ ನನ್ನ ತೊಡೆಯ ಮೇಲೆ ಬಿದ್ದು, "ಅವ್ವಂಗೆ ಅಂಗಂದ್ಬುಟ್ನಲ್ಲ ಅಕ್ಕ, ತಪ್ಪಾಯ್ತು ಅಂತ ಒಂದ್ ಮಾತು ಹೇಳ್ಲಿಲ್ವಲ್ಲ" ಎಂದು ಅತ್ತಳು. ಅವಳ ತಲೆ ಸವರಿದೆ. ಆಗಲೂ ಹೇಳಲಿಲ್ಲ.

ಹೇಳಿದ್ದು ಈ ಸಲ ಅವರೆಕಾಯಿ ಕಾಲದಲ್ಲಿ. ಅವಳು ನರಸೀಪುರಕ್ಕೆ ನನ್ನ ಮನೆಗೆ ಬಂದಿದ್ದಳು. ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆವು. ಅವ್ವ ಕನಸಿಗೆ ಬರುತ್ತಾಳೆ, ಮಾತಾಡುವುದಿಲ್ಲ, ಇನ್ನೂ ಸಿಟ್ಟಿರಬೇಕು ಎಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ಅದಕ್ಕೇ ನನಗೆ ತಡೆಯಲು ಆಗಲಿಲ್ಲ.

"ಡಬ್ಬಿಗೆ ಕಂಡ ಆಕಿದ್ದು ಅವ್ವ ಅಲ್ಲ. ನಾನು," ಎಂದೆ.

ಅವಳು ಇನ್ನೂ ನಾಲ್ಕೈದು ಕಾಳು ಹಿಸುಕಿದಳು.

"ಅವ್ವಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಫೋನ್ ಮಾಡ್ದಾಗ ನೀನು ಅಲ್ಲೇ ಇದ್ಯಾ?"

"ಪಕ್ಕದಲ್ಲೇ ಇದ್ದೆ."

ಬಯ್ಯಲಿ ಎಂದು ಕಾದೆ. ಅವಳು ಬಯ್ಯಲಿಲ್ಲ.

"ಕೆಲ್ಸ ಹೋದ್ರೆ ಹೋಯ್ತು ಅಕ್ಕ, ಅದಕ್ಕೆ ನಾನು ಏನೂ ಅನ್ನಲ್ಲ," ಎಂದಳು. "ಮೂರು ತಿಂಗ್ಳು ನಾನು ಅವ್ವನ ತಾವ ಮಾತಾಡ್ಲಿಲ್ಲ. ಆ ಮೂರು ತಿಂಗ್ಳು ಈಗ ಎಲ್ಲಿಂದ ತಂದ್ಕೊಡ್ತೀಯ ನನಗೆ?"

ಕೈ ತೊಳೆದುಕೊಂಡು ಬ್ಯಾಗು ತೆಗೆದುಕೊಂಡಳು. ನಾನು ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ನಡೆದೆ. ಬರಬೇಡ ಎಂದೂ ಹೇಳಲಿಲ್ಲ, ತಿರುಗಿಯೂ ನೋಡಲಿಲ್ಲ. ಮೈಸೂರಿನ ಬಸ್ಸು ಹತ್ತಿ, ನನಗೆ ಕಾಣದ ಹಾಗೆ ಆ ಕಡೆಯ ಕಿಟಕಿಯ ಹತ್ತಿರ ಕೂತಳು.

ಈಗ ಫೋನು ಮಾಡುತ್ತಾಳೆ, ನನ್ನ ಮಕ್ಕಳಿಗೆ. ಓದು ಹೇಗಿದೆ, ಊಟವಾಯಿತಾ ಎಂದು ಕೇಳುತ್ತಾಳೆ. "ಅವ್ವಂಗೆ ಕೊಡ್ಲಾ ಚಿಕ್ಕವ್ವ?" ಎಂದು ಮಗಳು ನನ್ನ ಕಡೆ ಫೋನು ಚಾಚುವ ಹೊತ್ತಿಗೆ, ಕೆಲಸವಿದೆ ಎಂದು ತಂಗಿ ಇಟ್ಟುಬಿಡುತ್ತಾಳೆ. ನಮ್ಮವ್ವ ಆ ಮೂರು ತಿಂಗಳು ಏನು ಮಾಡಿರಬಹುದು ಎಂದು ಈಗೀಗ ಯೋಚಿಸುತ್ತೇನೆ. ಕೂಲಿಗೆ ಹೋಗಿದ್ದಾಳೆ, ಬಂದು ಒಲೆ ಹಚ್ಚಿದ್ದಾಳೆ, ಯಾರ ಹತ್ತಿರವೂ ದೂರಿಲ್ಲ. ನಾನೂ ಶಾಲೆಗೆ ಹೋಗಿ ಅಡುಗೆ ಮಾಡುತ್ತೇನೆ, ಮಕ್ಕಳಿಗೆ ಬಡಿಸುತ್ತೇನೆ. ಮಾತಾಡು ಎಂದು ತಂಗಿಯನ್ನು ಕೇಳಿಲ್ಲ. ಕೇಳುವ ಬಾಯಿ ನನಗಿಲ್ಲ.